ಸೋಲ್ಡರಿಂಗಿಗೂ ಬೆಸುಗೆ, ವೆಲ್ಡಿಂಗಿಗೂ ಬೆಸುಗೆ, ಹೇಗೆ ಮಾರಾಯ್ರೆ?

ಎಲ್ರಿಗೂ ನಮಸ್ಕಾರ, ಉಡುಪಿಯಿಂದ ಬರೀತಿದ್ದೇನೆ. ಅಕ್ಕನ ಮಗಳು ಕನ್ನಡ ಮೀಡಿಯಂ, ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಲೈನ್ ಫಾಲೋವರ್ ರೋಬೋಟ್ ಮಾಡ್ತಿದ್ದಾಳೆ, ಅಂದ್ರೆ ಬಿಳಿ ಚಾರ್ಟಿನ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದ್ರೆ ಆ ಗೆರೆ ಹಿಡಿದು ತಾನೇ ಓಡುವ ಗಾಡಿ. ಅಡಿಯಲ್ಲಿ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಸೆನ್ಸರ್ ಉಂಟು, ಅದರ ಬೆಳಕು ಬಿಳಿಗೆ ಬಿದ್ರೆ ವಾಪಾಸು ಬರ್ತದೆ, ಕಪ್ಪಿಗೆ ಬಿದ್ರೆ ಹೆಚ್ಚಿನದ್ದೆಲ್ಲ ಅಲ್ಲೇ ಹೀರಿ ಹೋಗ್ತದೆ, ಅಷ್ಟೇ ಗುಟ್ಟು. ಕೆಲಸ ಎಲ್ಲ ಅವಳದ್ದು, ಚಾರ್ಟಿನ ಕನ್ನಡ ತಿದ್ದುದು ಮಾತ್ರ ನನ್ನ ತಲೆಗೆ ಬಂದದ್ದು. ಆರ್ಡುಯಿನೋ (ಗಾಡಿಗೆ ಹೇಗೆ ಓಡ್ಬೇಕು ಅಂತ ಹೇಳುವ ಪುಟ್ಟ ಸರ್ಕ್ಯೂಟ್ ಬೋರ್ಡು), ಮೋಟರ್, ಸೆನ್ಸರ್ ಎಲ್ಲ ಹಾಗೇ ಇರ್ಲಿ ಅಂದೆ. ಯಂತ್ರಮಾನವ ಅಂತೂ ಬೇಡವೇ ಬೇಡ, ಚಕ್ರದ ಗಾಡಿಯಲ್ಲಿ ಮಾನವ ಎಲ್ಲಿಂದ ಬಂದ!

ಸಿಕ್ಕಿ ಬಿದ್ದದ್ದು ಸೋಲ್ಡರಿಂಗ್ ಹತ್ರ. ಡಿಕ್ಷನರಿ ನೋಡಿದ್ರೆ ಬೆಸುಗೆ, ವೆಲ್ಡಿಂಗ್ ನೋಡಿದ್ರೂ ಬೆಸುಗೆ. ಎರಡೂ ಒಂದೇ ಅಲ್ಲ ಅಲ್ವಾ, ವೆಲ್ಡಿಂಗಲ್ಲಿ ಸಾಮಾನ್ಯವಾಗಿ ಜೋಡಿಸುವ ಲೋಹವೇ ಕರಗಿ ಒಂದಾಗುದು, ಇಲ್ಲಿ ತಾಮ್ರದ ವಯರು ಹಾಗೇ ಇರ್ತದೆ, ತವರ ಸೀಸ ಸೇರಿದ 60/40 ಸೋಲ್ಡರ್ ಮಾತ್ರ ಸುಮಾರು 190 ಡಿಗ್ರಿಗೆ ಕರಗಿ ಹಿಡ್ಕೊಳ್ತದೆ, ತಾಮ್ರ ಕರಗ್ಬೇಕಾದ್ರೆ 1085 ಡಿಗ್ರಿ ಬೇಕು. ಮಲ್ಪೆಯಲ್ಲಿ ಬೋಟಿಗೆ ಹಾಕುವ ಬೆಸುಗೆಯನ್ನೂ ಇದನ್ನೂ ಒಂದೇ ಹೆಸರಲ್ಲಿ ಬರೆದ್ರೆ ಓದುವ ಮಕ್ಕಳಿಗೆ ಎಂತ ಅರ್ಥ ಆಗ್ತದೆ?

ಇನ್ನೊಂದು, ವಯರಿನ ತುದಿಯ ಎಳೆಗಳನ್ನು ತಿರುಚಿ ಮೊದಲೇ ಸ್ವಲ್ಪ ಸೋಲ್ಡರ್ ಸವರಿ ಇಡ್ತಾರಲ್ಲ, ಅದಕ್ಕೆ ನನಗೆ ಥಟ್ಟಂತ ಹೊಳೆದದ್ದು ಕಲಾಯಿ. ಹಿಂದೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಬಿಳಿ ಹೊಗೆ ಏಳುವಾಗ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಸರ್ರನೆ ಒರೆಸ್ತಿದ್ರು, ಒಳಗೆಲ್ಲ ಬೆಳ್ಳಿ ಹಾಗೆ. ನವಸಾಗರ ಅಲ್ಲಿ ಲೋಹದ ಕಿಲುಬು ತೆಗೆಯುದು, ಇಲ್ಲಿ ಸೋಲ್ಡರ್ ವಯರಿನ ಹೊಟ್ಟೆಯಲ್ಲಿರುವ ರಾಳ ಅದೇ ಕೆಲಸ ಮಾಡುದು. ಹಾಗಾಗಿ "ವಯರಿನ ತುದಿಗೆ ಕಲಾಯಿ ಹಾಕಿ" ಅಂತ ಬರೆಸಿದ್ದೇನೆ, ಇದು ಉಪಮೆ ಅಲ್ಲ, ಕೆಲಸವೇ ಅದು ಅಂತ ನನ್ನ ವಾದ. ನಿಮಗೆ ಸರಿ ಕಾಣ್ತದಾ?

ಕೊನೆಯದು ಡ್ರೈ ಸೋಲ್ಡರ್. ನೋಡ್ಲಿಕ್ಕೆ ಹಿಡಿದ ಹಾಗೇ ಇರ್ತದೆ, ಗಾಡಿ ಒಮ್ಮೆ ಕುಲುಕಿದ್ರೆ ಒಂದು ಚಕ್ರ ನಿಂತು ಗಾಡಿ ಇದ್ದಲ್ಲೇ ಗಿರಕಿ ಹೊಡೀತದೆ. ಒಣ ಬೆಸುಗೆ ಅಂದ್ರೆ ಹಸಿ ಬೆಸುಗೆಯೂ ಉಂಟಾ ಅಂತ ಕೇಳಿಯಾರು. ಹುಸಿ ಬೆಸುಗೆ ಅಂದ್ರೆ ಹೇಗೆ? ಮಂಗಳೂರು ಕಡೆಯ ಹಳೇ ರೇಡಿಯೋ ರಿಪೇರಿಯವರು, ಮೋಟರ್ ರಿವೈಂಡಿಂಗ್‌ನವರು ಇದಕ್ಕೆಲ್ಲ ಬಾಯಲ್ಲಿ ಎಂತ ಹೇಳ್ತಿದ್ರು ಅಂತ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ, ಪುಸ್ತಕದ ಪದಕ್ಕಿಂತ ಅದೇ ಬೇಕು ನನಗೆ. ಚಾರ್ಟ್ ಬರೆಯುದು ಆದಿತ್ಯವಾರ, ಅದಕ್ಕೆ ಮುಂಚೆ ಆದ್ರೆ ಉಪಕಾರ.