ನಲ್ಲಿ ನೀರಿನಲ್ಲಿ ಸೀಸ: ತಪ್ಪು ನೀರು ಶುದ್ಧೀಕರಣ ಪ್ಲಾಂಟಿಂದೋ, ಪೈಪಿಂದೋ?

ಪ್ರಶ್ನೆ (ಹಾಸನ)
ಹೇಮಾವತಿ ನೀರು, ಜುಲೈನಲ್ಲಿ ಲ್ಯಾಬಿಗೆ ಕೊಟ್ಟದ್ದು. ಬೆಳಗ್ಗೆ ಅಡುಗೆಮನೆ ನಲ್ಲಿಯಿಂದ ಮೊದಲು ಹಿಡಿದ ನೀರಲ್ಲಿ ಸೀಸ ಲೀಟರಿಗೆ 0.018 ಮಿ.ಗ್ರಾಂ. ಸಂಪಿನ ನೀರಲ್ಲಿ ಬಿಡಿಎಲ್ (ಅಳೆಯೋಕೆ ಸಿಗದಷ್ಟು ಕಡಿಮೆ). ಎರಡರ ಪಿಎಚ್‌ ಕೂಡ 6.4 (7ಕ್ಕಿಂತ ಕಡಿಮೆ ಅಂದರೆ ಆಮ್ಲೀಯ). ನೀರು ಕನ್ನಡಿ ಹಾಗೆ ತಿಳಿ, ಕ್ಲೋರಿನ್ ಸರಿ ಇದೆ. ಕಾಯಿಸಿ ಕುಡಿದರೆ ಸಾಕಾ?

ಉತ್ತರ 1
ಸಾಲದು. ಆವಿಯಾಗೋದು ನೀರು, ಸೀಸ ಪಾತ್ರೆಯಲ್ಲೇ ಉಳಿಯುತ್ತೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ, ಸಡಿಲಿಕೆ ಇಲ್ಲ.

ಸಂಪಲ್ಲಿ ಇಲ್ಲದ್ದು ನಲ್ಲಿಯಲ್ಲಿ ಬಂದಿದೆ ಅಂದರೆ ಸೀಸ ಸೇರಿದ್ದು ಮನೆಯೊಳಗೆ. ಆದರೆ ಅದನ್ನು ಕರಗಿಸಿದ್ದು 6.4 ಪಿಎಚ್. ಸಿಮೆಂಟ್ ಸಂಪಾಗಿದ್ದರೆ ಅಲ್ಲಿ ಪಿಎಚ್ ಏರಬೇಕು, ಆಮೇಲೂ 6.4 ಅಂದರೆ ಬರುವಾಗ ಇನ್ನೂ ಕಡಿಮೆಯೇ ಇದ್ದಿರಬೇಕು.

ಮಲೆನಾಡಿನ ಮಳೆ ನೀರು ಮೆದು, ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ತೀರಾ ಕಡಿಮೆ. ಹೊಳೆ ಕೆಂಪಾದಾಗ ಪ್ಲಾಂಟಲ್ಲಿ ಕೆಸರು ಇಳಿಸುವ ಆಲಂ (ಪಟಿಕ) ಜಾಸ್ತಿ ಹಾಕಲೇಬೇಕು. 1 ಮಿ.ಗ್ರಾಂ ಆಲಂ ಸುಮಾರು 0.5 ಮಿ.ಗ್ರಾಂ ಕ್ಷಾರೀಯತೆ ತಿಂದುಬಿಡುತ್ತೆ. ಲೀಟರಿಗೆ 40 ಮಿ.ಗ್ರಾಂ ಆಲಂ ಹಾಕಿದರೆ 20 ಮಿ.ಗ್ರಾಂ ಕ್ಷಾರೀಯತೆ ಹೋಯ್ತು. ಕಚ್ಚಾ ನೀರಲ್ಲಿ ಇದ್ದದ್ದೇ 25 ಆದರೆ ಉಳಿದದ್ದು 5. ಪಿಎಚ್ ಜಾರದೆ ಇನ್ನೇನು? ಅದಕ್ಕೇ ಫಿಲ್ಟರ್ ದಾಟಿದ ಮೇಲೆ ಸುಣ್ಣ ಕೊಟ್ಟು 7.5ರ ಮೇಲೆ ತರಬೇಕು. ಸುಣ್ಣದ ಹಾಲು ಡೋಸಿಂಗ್ ಪೈಪಲ್ಲಿ ಗಟ್ಟಿಕಟ್ಟಿ ನಿಂತರೆ ನೀರು ತಿಳಿಯಾಗಿಯೇ ಇರುತ್ತೆ, ಕ್ಲೋರಿನ್ನೂ ಇರುತ್ತೆ. ಯಾರ ಕಣ್ಣಿಗೂ ಬೀಳಲ್ಲ.

ಉತ್ತರ 2
ಅಮೆರಿಕದ ಫ್ಲಿಂಟ್‌ನಲ್ಲಿ ಆಗಿದ್ದೂ ಇದರ ಅಣ್ಣ. 2014ರ ಏಪ್ರಿಲ್‌ನಲ್ಲಿ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು. ಪೈಪಿನೊಳಗೆ ಪೊರೆ ಕಟ್ಟುವ ಆರ್ಥೋಫಾಸ್ಫೇಟ್ ಹಾಕಲಿಲ್ಲ. ಮೇಲಿಂದ ಕ್ಲೋರೈಡ್ ಜಾಸ್ತಿ. ಹಳೇ ಸೀಸದ ಪೈಪಿನ ಪೊರೆ ಕಿತ್ತು ಬಂತು. ನಮ್ಮ ಮನೆಗಳಲ್ಲಿ ಸೀಸದ ಪೈಪಿಲ್ಲ ನಿಜ, ಸೀಸ ಬೆರೆತಿರಬಹುದಾದ ಹಿತ್ತಾಳೆ ನಲ್ಲಿ, ಬೆಸುಗೆ, ಹಳೇ ಪಿವಿಸಿ ಇವೆಯಲ್ಲ. ಪಿವಿಸಿ ಬಿಸಿಗೆ ಕೆಡದಂತೆ ಬೆರೆಸುವ ಸೀಸದ ಸ್ಟೆಬಿಲೈಸರ್‌ಗೆ ಕಡಿವಾಣ ಹಾಕುವ ಕೇಂದ್ರ ನಿಯಮ ತಂದದ್ದೇ 2021ರಲ್ಲಿ.

ಪ್ರಶ್ನೆ ಕೇಳಿದವರು
ನಲ್ಲಿ ಹಿತ್ತಾಳೆದೇ, ಹಾಕಿಸಿ ಒಂದು ತಿಂಗಳು.

ಉತ್ತರ 1
ಹಾಗಾದರೆ ಮೊದಲ ಅನುಮಾನ ಅದರ ಮೇಲೇ. ಹೊಸ ಹಿತ್ತಾಳೆ ಮೊದಲ ಕೆಲವು ವಾರ ಸೀಸ ಜಾಸ್ತಿ ಬಿಡುತ್ತೆ. ರಾತ್ರಿ 6 ತಾಸಿಗೂ ಹೆಚ್ಚು ಹೊತ್ತು ನಲ್ಲಿ ಮುಟ್ಟಬೇಡಿ. ಬೆಳಗ್ಗೆ ಮೊದಲ 250 ಮಿ.ಲೀ. ಒಂದು ಬಾಟಲಿಗೆ, ಬೆನ್ನಿಗೇ 1 ಲೀಟರ್ ಇನ್ನೊಂದಕ್ಕೆ, 3 ನಿಮಿಷ ನೀರು ಹರಿಯಬಿಟ್ಟು ಹೋಲಿಕೆಗೆ ಮೂರನೆಯದು. ನಲ್ಲಿ ಬಾಯಿಯ ಜಾಲರಿ ಬಿಚ್ಚದೆ ಹಿಡಿಯಿರಿ, ಆಮೇಲೆ ಬಿಚ್ಚಿ ತೊಳೆಯಿರಿ. ಸೀಸದ ಪುಡಿ ಅಲ್ಲೇ ಕೂತಿರುತ್ತೆ. ನೈಟ್ರಿಕ್ ಆಸಿಡ್ ಹಾಕಿದ ಬಾಟಲಿಯನ್ನು ಲ್ಯಾಬಿಂದಲೇ ತನ್ನಿ, ಆಸಿಡ್ ಚೆಲ್ಲಿ ಬಾಟಲಿ ತೊಳೆಯೋಕೆ ಹೋಗಬೇಡಿ. ಮೊದಲದ್ದರಲ್ಲಿ ಮಾತ್ರ ಸೀಸ ಇದ್ದರೆ ನಲ್ಲಿ, ಎರಡನೆಯದರಲ್ಲಿ ಇದ್ದರೆ ಒಳಗಿನ ಪೈಪು.

ಉತ್ತರ 3
ಅಲ್ಲೀತನಕ ಆರ್‌ಒ ನೀರು ಕುಡಿಯಿರಿ. ಬರೀ ಯುವಿ ಇದ್ದರೆ ಸೀಸಕ್ಕೆ ಅದು ಲೆಕ್ಕಕ್ಕಿಲ್ಲ. ಗೀಸರ್ ನೀರು ಅನ್ನಕ್ಕೆ ಇಡಬೇಡಿ. ಪಿಎಚ್ ಐಎಸ್ ಮಿತಿಯಾದ 6.5ಕ್ಕಿಂತ ಕೆಳಗಿರುವ ರಿಪೋರ್ಟ್ ಲಗತ್ತಿಸಿ ನೀರು ಸರಬರಾಜಿನವರಿಗೆ ಬರೆದು ಕೊಡಿ, ಪ್ಲಾಂಟಿನ ಔಟ್‌ಲೆಟ್ ಪಿಎಚ್ ರಿಜಿಸ್ಟರ್ ಕೇಳಿ. ಮಳೆಗಾಲದ ಪುಟ ಮರೆಯಬೇಡಿ.