250 ಓಮ್ ಹೆಡ್‌ಫೋನ್‌ಗೆ ಎಂಥ ಯುಎಸ್‌ಬಿ ಡ್ಯಾಕ್ ತಗೊಳ್ಳಬೇಕು?

ಉಸಿರುದನಿ:
ನಮಸ್ಕಾರ. ನನ್ನ ಹತ್ತಿರ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಇದೆ, 250 ಓಮ್‌ನದು. ದನಿ ರೆಕಾರ್ಡ್ ಮಾಡಿ ಎಡಿಟ್ ಮಾಡುವುದು ನನ್ನ ಕೆಲಸ. ಮಾತಿನ ನಡುವೆ ಉಸಿರು ಎಳೆಯುವ ಸದ್ದು, ತುಟಿ ಬಿಚ್ಚುವಾಗ ಬರುವ ಚಿಟಕ್ ಸದ್ದು, ನಾನು ಹಿಡಿಯಬೇಕಾಗಿರುವುದು ಇವನ್ನೇ. ಲ್ಯಾಪ್‌ಟಾಪಿಗೆ ನೇರವಾಗಿ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಇವು ಸರಿಯಾಗಿ ಕೇಳಿಸುವುದಿಲ್ಲ. ಡಿಜಿಟಲ್ ದನಿಯನ್ನು ಹೆಡ್‌ಫೋನ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಡ್ಯಾಕ್ ತಗೊಳ್ಳೋಣ ಅಂತ ನೋಡಿದರೆ ಒಂದರ ಮೇಲೆ 32 ಬಿಟ್, 384 ಕಿಲೋಹರ್ಟ್ಜ್ ಅಂತಿದೆ, ಇನ್ನೊಂದರ ಮೇಲೆ 100 ಮಿಲಿವ್ಯಾಟ್ ಅಂತಿದೆ. ಯಾವುದನ್ನು ನೋಡಿ ಆರಿಸಬೇಕು? ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಸ್ಪೀಕರಿನ ಒಂದು ಬಗೆ) ಇರುವ ಇಯರ್‌ಫೋನ್ ಒಂದಿದೆ. ಅದನ್ನೂ ಇದಕ್ಕೇ ಹಾಕಬೇಕು.

ಮಂದ್ರ:
ಬಿಟ್, ಕಿಲೋಹರ್ಟ್ಜ್ ಎರಡನ್ನೂ ಪಕ್ಕಕ್ಕಿಡಿ. ಸಿಡಿಯಲ್ಲಿ ಇರುವುದೇ 16 ಬಿಟ್, 44.1 ಕಿಲೋಹರ್ಟ್ಜ್. ನಿಮ್ಮ ಕೆಲಸಕ್ಕೆ 24 ಬಿಟ್, 48 ಕಿಲೋಹರ್ಟ್ಜ್ ಧಾರಾಳ ಸಾಕು. ನಿಮಗೆ ಕೊರತೆ ಇರುವುದು ವೋಲ್ಟೇಜಿನದು.

ನಿಮ್ಮ ಹೆಡ್‌ಫೋನ್‌ನ ಸೆನ್ಸಿಟಿವಿಟಿ, ಅಂದರೆ ಇಷ್ಟು ಪವರಿಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು, 1 ಮಿಲಿವ್ಯಾಟಿಗೆ 96 ಡೆಸಿಬೆಲ್. 250 ಓಮ್‌ಗೆ 1 ಮಿಲಿವ್ಯಾಟ್ ತಲುಪಬೇಕಾದರೆ ಅರ್ಧ ವೋಲ್ಟ್ ಬೇಕು. ವೋಲ್ಟ್ ಎರಡು ಪಟ್ಟಾದರೆ 6 ಡೆಸಿಬೆಲ್ ಏರುತ್ತದೆ. ಹಾಗಾಗಿ 1 ವೋಲ್ಟಿಗೆ 102, 2 ವೋಲ್ಟಿಗೆ 108. ಅರ್ಧ ವೋಲ್ಟಿಗೇ 96 ಬಂತಲ್ಲ, ಸಾಲದೇ ಅಂತ ಕೇಳಬಹುದು. ಆ 96 ಬರುವುದು ಸಿಗ್ನಲ್ ತುತ್ತತುದಿ ಮುಟ್ಟಿದಾಗ ಮಾತ್ರ. ಇನ್ನೂ ಎಡಿಟ್ ಆಗದ ದನಿ ಸಾಮಾನ್ಯವಾಗಿ ಅದಕ್ಕಿಂತ 20 ಡೆಸಿಬೆಲ್ ಅಥವಾ ಇನ್ನೂ ಜಾಸ್ತಿ ಕೆಳಗಿರುತ್ತದೆ. ಉಸಿರಿನ ಸದ್ದು ಅದಕ್ಕಿಂತಲೂ ಕೆಳಗೆ. ನೀವು ಕೇಳಬೇಕಾದದ್ದು ಅಲ್ಲಿದೆ, ಅಲ್ವಾ?

ಇನ್ನು ಆ 100 ಮಿಲಿವ್ಯಾಟ್. ಎಷ್ಟು ಓಮ್‌ಗೆ ಅಂತ ಹೇಳದಿದ್ದರೆ ಅದು ಸುಮ್ನೆ ಒಂದು ಅಂಕಿ. 32 ಓಮ್‌ಗೆ 100 ಅಂದರೆ ಸುಮಾರು 1.8 ವೋಲ್ಟ್. ಅದೇ ವೋಲ್ಟೇಜಿನಲ್ಲಿ ನಿಮ್ಮ 250 ಓಮ್‌ಗೆ ಸಿಗುವುದು 13 ಮಿಲಿವ್ಯಾಟ್ ಅಷ್ಟೇ. 250 ಅಥವಾ 300 ಓಮ್‌ಗೆ 2 ವೋಲ್ಟ್ ಆರ್‌ಎಂಎಸ್ (ವೋಲ್ಟೇಜಿನ ಒಂದು ಬಗೆಯ ಸರಾಸರಿ) ಕೊಡುತ್ತೇನೆ ಅಂತ ಬರೆದಿರುವುದನ್ನೇ ಹುಡುಕಿ. ಬರೆದಿಲ್ಲದಿದ್ದರೆ ಬಿಟ್ಟುಬಿಡಿ.

ತಂತಿಮೀಟು:
ಮಂದ್ರ ಅವರ ಲೆಕ್ಕ ಸರಿ. ಇಯರ್‌ಫೋನ್ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ನೋಡಬೇಕಾದದ್ದು ಡ್ಯಾಕಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಡ್ಯಾಕ್ ತನ್ನ ಕಡೆಯಿಂದ ಒಡ್ಡುವ ತಡೆ, ಓಮ್‌ನಲ್ಲಿ. ಬ್ಯಾಲೆನ್ಸ್ಡ್ ಆರ್ಮೇಚರ್‌ನ ಓಮ್ ಒಂದೇ ಇರುವುದಿಲ್ಲ, ಫ್ರೀಕ್ವೆನ್ಸಿ ಬದಲಾದಂತೆ ಏರಿಳಿಯುತ್ತದೆ. ಡ್ಯಾಕಿನ ಕಡೆ 10 ಓಮ್ ಇದ್ದರೆ, ಇಯರ್‌ಫೋನ್‌ನ ಓಮ್ ಇಳಿದ ಜಾಗದಲ್ಲೆಲ್ಲ ಸದ್ದೂ ಕುಗ್ಗುತ್ತದೆ. 'ಸ', 'ಶ' ಮಂಕಾಗಿ ಕೇಳಿಸಬಹುದು. ನೀವು ರೆಕಾರ್ಡಿಂಗ್ ಸರಿಯಿಲ್ಲ ಅಂದುಕೊಂಡು ಅದನ್ನು ತಿದ್ದುತ್ತಾ ಕೂರುತ್ತೀರಿ. 1 ಓಮ್‌ಗಿಂತ ಕಡಿಮೆ ಇರುವುದನ್ನೇ ತಗೊಳ್ಳಿ. 250 ಓಮ್ ಹೆಡ್‌ಫೋನ್‌ಗೆ ಆ 10 ಓಮ್‌ನಿಂದ ಏನೂ ಆಗುವುದಿಲ್ಲ.

ಉಸಿರುದನಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 13 ಮಿಲಿವ್ಯಾಟಿನ ಲೆಕ್ಕ ನೋಡಿದ ಮೇಲೆ ಎಲ್ಲಾ ಬಿಡಿಸಿದ ಹಾಗಾಯಿತು. ಗೆಳೆಯರ ಡ್ಯಾಕ್ ಒಂದಕ್ಕೆ ಇಯರ್‌ಫೋನ್ ಹಾಕಿ ನೋಡಿದಾಗ ಏನೂ ಓಡದಿದ್ದರೂ ಸುಯ್ಯ್ ಅಂತ ಬರುತ್ತಿತ್ತು. ಚಾರ್ಜರ್ ಹಾಕಿದರೆ ಗುಂಯ್ ಅಂತ ಬೇರೆ. ಡ್ಯಾಕ್ ಕೆಟ್ಟಿದೆಯಾ?

ಮಂದ್ರ:
ಕೆಟ್ಟಿರಲೇಬೇಕು ಅಂತೇನಿಲ್ಲ. ಎರಡೂ ಬೇರೆ ಬೇರೆ ಸದ್ದು. ಸುಯ್ಯ್ ಅನ್ನುವುದು ಡ್ಯಾಕಿನೊಳಗಿನ ಆಂಪ್ಲಿಫೈಯರಿನದೇ. ಸೆನ್ಸಿಟಿವ್ ಇಯರ್‌ಫೋನ್‌ನಲ್ಲಿ ಅದು ಎದ್ದು ಕೇಳುತ್ತದೆ. ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅಂತ ಆರಿಸುವ ಗೇನ್ ಸ್ವಿಚ್ ಇದ್ದರೆ 'ಲೋ'ಗೆ ಇಡಿ, ಬಹಳಷ್ಟು ಕಡಿಮೆಯಾಗುತ್ತದೆ. ಗುಂಯ್ ಅನ್ನುವುದು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದ ಕೂಡಲೇ ನಿಂತರೆ, ಅದು ಚಾರ್ಜರ್ ಅಥವಾ ಅರ್ಥಿಂಗ್ ದಾರಿಯಿಂದ ಬರುತ್ತಿದೆ.

ವಿಂಡೋಸ್‌ನ ವಾಲ್ಯೂಮ್ ಪೂರ್ತಿ ಇಟ್ಟು ಡ್ಯಾಕಿನ ನಾಬ್‌ನಲ್ಲೇ ಏರಿಸಿ, ಇಳಿಸಿ. ಆದರೆ ನಾಬ್ ತೀರಾ ಕೆಳಗಿದ್ದಾಗ ಒಂದು ಕಿವಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಬರುವುದುಂಟು. ಇಯರ್‌ಫೋನ್‌ಗೆ ಹಾಗಾದರೆ ವಿಂಡೋಸ್‌ನಲ್ಲೇ ಇಳಿಸಿ, ನಾಬ್ ಸ್ವಲ್ಪ ಮೇಲಕ್ಕೆ ತನ್ನಿ.

ಇದೊಂದನ್ನು ದಯವಿಟ್ಟು ಮರೆಯಬೇಡಿ: 250 ಓಮ್‌ಗೆ ಹೊಂದಿಸಿದ ವಾಲ್ಯೂಮಿನಲ್ಲೇ ಇಯರ್‌ಫೋನ್ ಹಾಕಿಕೊಂಡರೆ ಕಿವಿಗೆ ಪೆಟ್ಟಾಗುತ್ತದೆ. ಮೊದಲು ನಾಬ್ ಪೂರ್ತಿ ಇಳಿಸಿ, ಗೇನ್ 'ಲೋ' ಮಾಡಿ, ಆಮೇಲೆ ಜ್ಯಾಕ್ ಬದಲಿಸಿ.