ಪದ ಬೇಕು: ‘ಸ್ಟ್ರಟ್ ಟವರ್ ಬಾರ್’ (ನಾಳೆ ಸಂಜೆಯೊಳಗೆ)

ಪೀಣ್ಯದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಸಣ್ಣ ಶೆಡ್ಡಿನಲ್ಲಿ ಕಾರಿಗೆ ಹಾಕುವ ಸ್ಟ್ರಟ್ ಟವರ್ ಬಾರ್ ಮಾಡುತ್ತಾರೆ. ಪೆಟ್ಟಿಗೆಯೊಳಗೆ ಇಡುವ ಕನ್ನಡದ ಚೀಟಿ ನಾನು ಬರೆದುಕೊಡಬೇಕು. ನಾಳೆ ಸಂಜೆ ಪ್ರೆಸ್ಸಿಗೆ ಹೋಗುತ್ತದೆ.

ವಸ್ತು ಏನು ಅಂತ ಹೇಳಿಬಿಡುತ್ತೇನೆ. ಈಗಿನ ಸಣ್ಣ ಕಾರುಗಳಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಒಂದೊಂದು ಸ್ಟ್ರಟ್ ಇರುತ್ತದೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ ಅದು. ಅದರ ತಲೆ ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಎಡಕ್ಕೂ ಬಲಕ್ಕೂ ಇರುವ ತಗಡಿನ ಗುಬುಟಿನಲ್ಲಿ ಕೂತಿರುತ್ತದೆ. ಆ ಗುಬುಟೇ ಟವರ್. ತಿರುವಿನಲ್ಲಿ ಜೋರಾಗಿ ಹೋದಾಗ ಎರಡೂ ಗುಬುಟು ಒಂಚೂರು ಅಲುಗುತ್ತವೆ, ಚಕ್ರದ ಓರೆಯೂ ಬದಲಾಗುತ್ತದೆ. ಎರಡನ್ನೂ ಸೇರಿಸಿ ಅಡ್ಡಕ್ಕೆ ಒಂದು ಪೈಪು ಬಿಗಿದರೆ ಆ ಅಲುಗಾಟ ಕಡಿಮೆಯಾಗುತ್ತದೆ. ಆ ಪೈಪಿಗೆ ಹೆಸರು ಬೇಕು. ಹೀಗೆ ಬಾರು ಹಾಕಿ ಕಾರಿನ ಮೈ ಬಿಗಿಯಾಗಿಡುವುದಕ್ಕೆ ‘ಚಾಸಿ ಬ್ರೇಸಿಂಗ್’ ಅನ್ನುತ್ತಾರೆ, ಅದಕ್ಕೂ ಒಂದು ಪದ ಬೇಕು.

ಹೋದ ಸಲದ ಚೀಟಿ ಬೇರೆ ಯಾರೋ ಬರೆದದ್ದು. ಅದರಲ್ಲಿ ‘ಸ್ತಂಭಶಿಖರ ದಂಡ’ ಅಂತ ಇತ್ತು. ‘ಕೇಂದ್ರೀಯ ತಿರುಪನ್ನು ವಿಮುಕ್ತಗೊಳಿಸತಕ್ಕದ್ದಲ್ಲ’ ಅಂತಲೂ ಇತ್ತು. ನನ್ನ ತಮ್ಮ ಅದನ್ನು ಓದಿ, ಸರಿಯಾಗಿ ನಡುವಿನ ನಟ್ಟಿಗೇ ಸ್ಪ್ಯಾನರ್ ಹಾಕಿದ್ದ. ಅಮುಕಿಟ್ಟ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಅದೇ ನಟ್ಟು. ಬಿಚ್ಚಿದರೆ ಸ್ಪ್ರಿಂಗು ಎಗರಿ ಕೈ ಮುಖ ಒಡೆಯಬಹುದು. ಪಕ್ಕದಲ್ಲಿದ್ದ ಮೇಸ್ತ್ರಿ ಕೈ ಹಿಡಿದು ನಿಲ್ಲಿಸಿದರು. ಹಾಗಾಗಿ ಕೇಳುತ್ತಿದ್ದೇನೆ. ಓದಿದ ತಕ್ಷಣ ತಲೆಗೆ ಹೋಗುವ ಪದ ಕೊಡಿ.

ಧಾರವಾಡದಿಂದ:

ಕನ್ನಡದಲ್ಲಿ ‘ಊರು’ ಇದೆ. ಬೇರೂರು, ಕಾಲೂರು, ಊರುಗೋಲು. ಸ್ಟ್ರಟ್ ಮಾಡುವ ಕೆಲಸವೂ ಊರಿ ನಿಲ್ಲುವುದೇ. ಹಾಗಾಗಿ ಸ್ಟ್ರಟ್‌ಗೆ ‘ಊರುಗಂಬ’. ಎರಡು ಊರುಗಂಬಗಳ ತಲೆ ಸೇರಿಸುವುದಕ್ಕೆ ‘ಅಡ್ಡಗೋಲು’. ಚಾಸಿ ಬ್ರೇಸಿಂಗ್‌ಗೆ ‘ಒಡಲುಬಿಗಿ’. ಮೂರೂ ನಮ್ಮವೇ ಪದಗಳು. ಜನ ನೆಲೆಯೂರಿದ ಜಾಗವೇ ಊರು, ಈ ಬೇರು ಅಷ್ಟು ಆಳದ್ದು. ಇದನ್ನು ಬಿಟ್ಟು ಸ್ಟ್ರಟ್ ಅಂತ ಬರೆಯುವುದು ಸೋಮಾರಿತನ.

ಮೈಸೂರಿನಿಂದ:

ಎರಡು ‘ಊರು’ ಒಂದೇ ಅಲ್ಲ. ನೆಡು ಎನ್ನುವ ಅರ್ಥದ್ದು ಹಳಗನ್ನಡದಲ್ಲಿ ‘ಊಱು’, ಶಕಟರೇಫ ಎನ್ನುವ ಹಳೆಯ ಗಡುಸು ರ. ತಮಿಳಿನಲ್ಲಿ ‘ಊನ್ಱು’. ವಾಸದ ಊರು ‘ಊರ್’, ಸಾದಾ ರೇಫ. ಹೊಸಗನ್ನಡದಲ್ಲಿ ಱ ಬಿದ್ದುಹೋದ ಮೇಲೆ ಎರಡೂ ಒಂದೇ ಥರ ಕಾಣುತ್ತಿವೆ ಅಷ್ಟೆ. ಇನ್ನು ‘ಕಂಬ’ ಸ್ತಂಭದ ತದ್ಭವ. ‘ಊರುಗಂಬ’ದಲ್ಲಿ ಅರ್ಧ ಆಗಲೇ ಸಾಲ. ‘ನಮ್ಮವೇ’ ಎನ್ನುವ ಮಾತು ನಿಲ್ಲುವುದಿಲ್ಲ.

ಧಾರವಾಡದಿಂದ:

ಱ ವಿಷಯ ಒಪ್ಪಿದೆ. ಕಂಬದ ವಿಷಯ ಒಪ್ಪುವುದಿಲ್ಲ. ತದ್ಭವ ಎಂದರೆ ನಮ್ಮ ಬಾಯಲ್ಲಿ ಪಳಗಿದ್ದು. ಒತ್ತಕ್ಷರ ಕಳೆದು, ಮಹಾಪ್ರಾಣ ಕಳೆದು ಬಂದಿದೆ. ಸ್ಟ್ರಟ್ ಬಾಯಿಗೆ ಸೇರಿಲ್ಲ, ಮೂರು ವ್ಯಂಜನ ಒಟ್ಟಿಗೆ ನಿಂತಿವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮಂಡ್ಯದಿಂದ:

‘ನೊಗ’ ಯಾಕಾಗಬಾರದು? ಎಡದ್ದನ್ನೂ ಬಲದ್ದನ್ನೂ ಸೇರಿಸುವುದೇ ನೊಗದ ಕೆಲಸ ಅಲ್ವಾ. ಗಾಡಿಯದೇ ಪದ, ಗಾಡಿಗೇ ಬರಲಿ.

ಹಾಸನದಿಂದ:

ನನ್ನದು ಗ್ಯಾರೇಜು. ನೊಗ ಆಗುವುದಿಲ್ಲ. ನೊಗಕ್ಕೆ ಆಟ ಇರುತ್ತದೆ, ಎತ್ತು ಹೊರಳಿದಂತೆ ಅದೂ ಹೊರಳುತ್ತದೆ. ಈ ಬಾರಿಗೆ ಆಟವೇ ಇರಬಾರದು. ತುದಿಯಲ್ಲಿ ಕೀಲು ಇಟ್ಟು ಮಾಡಿದ ಬಾರುಗಳೂ ಬರುತ್ತವೆ. ನೋಡಲು ಚೆನ್ನ, ಬಿಗಿತ ಕಡಿಮೆ. ಊರುಗಂಬವೂ ಬೇಡ. ಊರುವುದು ಎಂದರೆ ಒತ್ತುವುದು ಮಾತ್ರ. ಚಾರ್ಮಾಡಿ ಇಳಿಯುವಾಗ ಈ ಬಾರು ಒಮ್ಮೆ ಒತ್ತನ್ನು ತಡೆದರೆ ಇನ್ನೊಮ್ಮೆ ಎಳೆತವನ್ನು ತಡೆಯುತ್ತದೆ. ಎರಡಕ್ಕೂ ಹೊಂದುವ ಪದ ‘ಬಿಗಿ’ ಒಂದೇ.

ಮೇಡಂ, ಪದಕ್ಕಿಂತ ಮೊದಲು ಚೀಟಿಯಲ್ಲಿ ಇವು ಇರಲಿ. ಕಾರು ಮಟ್ಟಸ ನೆಲದಲ್ಲಿ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಜಾಕ್ ಮೇಲೆ ಎತ್ತಿ ಹಾಕಿದರೆ ಸ್ಟ್ರಟ್ ಜೋತುಬೀಳುತ್ತದೆ, ಬಾರು ತಪ್ಪು ಅಳತೆಗೆ ಕೂರುತ್ತದೆ. ಸುತ್ತಲಿನ ನಟ್ಟು ಮಾತ್ರ ತೆಗೆಯಬೇಕು. ಬಾರಿನ ತುದಿಯ ಪ್ಲೇಟು ಕೂರಿಸಿ ಎರಡೂ ಕಡೆ ನಟ್ಟನ್ನು ಮೊದಲು ಬರೀ ಕೈಯಲ್ಲಿ ತಿರುಗಿಸಬೇಕು. ಆಮೇಲೆ ಟಾರ್ಕ್ ರೆಂಚಿನಲ್ಲಿ, ಅಂದರೆ ಬಿಗಿತ ಅಳೆಯುವ ಸ್ಪ್ಯಾನರಿನಲ್ಲಿ, ಕಾರಿನ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಬಡಿದು ಕೂರಿಸುವವರನ್ನು ಬಹಳ ನೋಡಿದ್ದೇನೆ. ಬಾನೆಟ್ ಮುಚ್ಚುವ ಮೊದಲು ಬಾರಿನ ಮೇಲೆ ನಾಲ್ಕು ಕಡೆ ಚಪಾತಿ ಹಿಟ್ಟಿನ ಉಂಡೆ ಇಟ್ಟು ನಿಧಾನ ಮುಚ್ಚಿ ತೆಗೆಯಿರಿ. ಉಂಡೆ ಪೂರ್ತಿ ಅಪ್ಪಚ್ಚಿಯಾದರೆ ಜಾಗ ಸಾಲದು ಅಂತ. ಕೊನೆಗೆ ವೀಲ್ ಅಲೈನ್‌ಮೆಂಟ್ ನೋಡಿಸಬೇಕು.

ಉಡುಪಿಯಿಂದ:

ಹಾಸನದವರ ಮಾತಿಗೆ ನನ್ನ ಮತ. ಒಂದು ಸೇರಿಸುತ್ತೇನೆ. ಸಣ್ಣ ಕಾರಿಗೆ ಲಾರಿಗೆ ಇರುವಂಥ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲವೇ ಇಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಆದ್ದರಿಂದ ‘ಒಡಲುಬಿಗಿ’ ಅರ್ಥದಲ್ಲಿ ಸರಿಯೇ. ಆದರೆ ಕಾರಿನ ಮೈಗೆ ‘ಒಡಲು’ ಅಂತ ಯಾರೂ ಅನ್ನುವುದಿಲ್ಲ. ‘ಬಾಡಿ’ ಅನ್ನುತ್ತಾರೆ. ಚಾಸಿ ನಂಬರ್ ಅಂತ ಆರ್‌ಸಿ ಪುಸ್ತಕ ನೋಡುವ ರೈತನೂ ಹೇಳುತ್ತಾನೆ. ಚಾಸಿ ಎನ್ನುವ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಇಂಗ್ಲಿಷಿನವರು ಅದಕ್ಕಾಗಿ ಅಳಲಿಲ್ಲ. ನಾವೂ ಪೋರ್ಚುಗೀಸರ ಚಾವಿ ತೆಗೆದುಕೊಂಡು ನಮ್ಮ ಬಾಗಿಲಿಗೇ ಹಾಕಿಕೊಂಡಿದ್ದೇವೆ. ಸ್ಟ್ರಟ್ಟಿನ ಪೂರ್ತಿ ಹೆಸರು ಮ್ಯಾಕ್‌ಫರ್ಸನ್ ಸ್ಟ್ರಟ್. 1950ರ ಹೊತ್ತಿಗೆ ಫೋರ್ಡ್ ಕಾರುಗಳಲ್ಲಿ ಬಂತು, ಅದನ್ನು ಮಾಡಿದ ಎಂಜಿನಿಯರ್ ಹೆಸರೇ ನಿಂತಿತು. ಅದನ್ನು ಬಿಡಿಸಿ ಕನ್ನಡ ಮಾಡುವುದು ಸುಮ್ನೆ ಹಟ. ‘ಉಗಿಬಂಡಿ’ ಅಂತ ಪುಸ್ತಕದಲ್ಲಿ ಬರೆದೆವು, ಹತ್ತಿದ್ದು ರೈಲು.

ಧಾರವಾಡದಿಂದ:

ಉಗಿಬಂಡಿಯ ಕಥೆ ಸಾವಿರ ಸಲ ಕೇಳಿದ್ದೇನೆ. ಹಾಗಾದರೆ ‘ಜಾಲತಾಣ’ ಹೇಗೆ ನಿಂತಿತು? ‘ಮಿಂಚಂಚೆ’ ಅಂತ ನಾವೇ ಬರೆಯುತ್ತೇವಲ್ಲ. ಸೋತ ಒಂದು ಪದ ತೋರಿಸಿ ಪದ ಕಟ್ಟುವುದನ್ನೇ ನಿಲ್ಲಿಸಿ ಅನ್ನುವುದು ಯಾವ ವಾದ?

ನನ್ನ ಸಿಟ್ಟು ಸ್ಟ್ರಟ್ ಮೇಲಲ್ಲ. ಒಂದು ವಾಕ್ಯ ನೋಡಿ. ‘ನಟ್ ಲೂಸ್ ಮಾಡಿ, ಬಾರ್ ಫಿಟ್ ಮಾಡಿ, ಟೈಟ್ ಮಾಡಿ, ಚೆಕ್ ಮಾಡಿ.’ ಇದರಲ್ಲಿ ಕನ್ನಡ ಎಷ್ಟು? ‘ಮಾಡಿ’ ಒಂದೇ. ಸಡಿಲಿಸು, ಕೂರಿಸು, ಬಿಗಿ, ನೋಡು. ಇವೆಲ್ಲ ಎಲ್ಲಿ ಹೋದವು? ಇವು ಕಟ್ಟಿದ ಪದಗಳಲ್ಲ, ಅಜ್ಜಿ ಆಡಿದ ಪದಗಳು. ಹೆಸರು ಸಾಲ ತಂದರೆ ಒಂದು ವಸ್ತು ಬಂತು ಅಂದುಕೊಳ್ಳಬಹುದು. ಕೆಲಸದ ಪದವನ್ನೂ ಸಾಲ ತಂದರೆ ನಮ್ಮ ಕೈಯೇ ಮರೆತುಹೋಯಿತು ಅಂತ ಅರ್ಥ.

ಹಾಸನದಿಂದ:

ಇದು ಸರಿ ಸರ್. ನಮ್ಮ ಹಳೆಯ ಮೇಸ್ತ್ರಿ ‘ಬಿಗಿ’ ಅಂತಲೇ ಅನ್ನುತ್ತಾರೆ. ‘ಟೈಟ್ ಮಾಡು’ ಅನ್ನುವುದು ಹೊಸ ಹುಡುಗರು.

ಮೈಸೂರಿನಿಂದ:

ಬಿಗಿ ಎಂದರೆ ಕೂಡಲೇ ಯಾರೋ ‘ಬಿಗಿಗೋಲು’ ಅನ್ನುತ್ತಾರೆ. ಅದು ಕೋಲಲ್ಲ, ಪೈಪು. ‘ಬಿಗಿಪಟ್ಟಿ’ ಆಗಲಿ. ಇಲ್ಲಿ ಪ ಹೋಗಿ ಬ ಬರುವ ಆದೇಶ ಸಂಧಿ ಬೇಡ. ಹಣೆಪಟ್ಟಿ, ಕೊರಳಪಟ್ಟಿ ಹಾಗೇ ಉಳಿದಿವೆ.

ಹಾಸನದಿಂದ:

ಪಟ್ಟಿ ಅಂದರೆ ಚಪ್ಪಟೆ. ಅಂಗಡಿಯಲ್ಲಿ ಪಟ್ಟಿ ಕೇಳಿದರೆ ಕಬ್ಬಿಣದ ಫ್ಲಾಟ್ ಕೊಡುತ್ತಾರೆ. ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿನಲ್ಲಿ ಹೋಗಿ ಬಿಗಿಪಟ್ಟಿ ಕೇಳಿ, ಏನು ಕೊಡುತ್ತಾರೆ ನೋಡಿ. ಸ್ಟ್ರಟ್ ಬಾರ್ ಅಂದರೆ ಸ್ಟ್ರಟ್ ಬಾರೇ ಬರುತ್ತದೆ.

ಮೈಸೂರಿನಿಂದ:

ಅಂಗಡಿಯವರು ನಿಘಂಟು ಬರೆಯುವುದಿಲ್ಲ.

ಹಾಸನದಿಂದ:

ನಿಘಂಟಿನವರು ಬಾರ್ ಬಿಗಿಯುವುದಿಲ್ಲ.

ಪೀಣ್ಯದಿಂದ:

ದಯವಿಟ್ಟು ಇಲ್ಲಿಗೆ ನಿಲ್ಲಿಸೋಣ. ಈ ಬೆಳಿಗ್ಗೆ ಶೆಡ್ಡಿನ ಮೂವರಿಗೆ ಬೇರೆ ಬೇರೆ ಚೀಟಿ ಓದಿಸಿದೆ. ‘ಅಡ್ಡಗೋಲು’ ಅಂದಾಗ ಇಬ್ಬರು ಯಾವುದು ಅಂತ ಕೇಳಿದರು. ‘ಬಿಗಿಪಟ್ಟಿ’ ಓದಿದವನು ಹೋಸ್ ಪೈಪಿಗೆ ಹಾಕುವ ಕ್ಲಿಪ್ ತಂದ. ‘ಸ್ಟ್ರಟ್ ಬಾರ್’ ಅಂದಾಗ ಮೂವರೂ ಅದನ್ನೇ ಮುಟ್ಟಿ ತೋರಿಸಿದರು. ಹೆಸರು ಹಾಗೇ ಇರಲಿ ಅಂತ ತೀರ್ಮಾನ ಮಾಡಿದ್ದೇನೆ. ಧಾರವಾಡದ ಸರ್ ಬೇಸರ ಮಾಡಿಕೊಳ್ಳಬಾರದು. ಕೆಲಸದ ಪದಗಳಲ್ಲಿ ನಿಮ್ಮ ಮಾತನ್ನೇ ಹಿಡಿದಿದ್ದೇನೆ, ‘ಟೈಟ್ ಮಾಡಿ’ ಥರದ ಸಾಲದ ಪದ ಒಂದೂ ತಂದಿಲ್ಲ. ಚಾಸಿ ಬ್ರೇಸಿಂಗ್ ಇರುವ ಕಡೆ ‘ಬಾಡಿಗೆ ಬಿಗಿತ’ ಅಂತ ಬರೆದಿದ್ದೆ, ಆದರೆ ಅದು ಮನೆ ಬಾಡಿಗೆ ಥರ ಓದಿಸುತ್ತದೆ. ಹಾಗಾಗಿ ‘ಕಾರಿನ ಮೈ ಬಿಗಿಯಾಗಿಡುವ ಬಾರುಗಳು’ ಅಂತ ಬಿಡಿಸಿ ಬರೆದೆ. ಉದ್ದವಾಯಿತು, ಅರ್ಥವಾಗುತ್ತದೆ.

ಚೀಟಿ ಹೀಗಿದೆ:

‘ಕಾರನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಜಾಕ್ ಬೇಡ. ಟವರಿನ ಸುತ್ತಲಿನ ನಟ್ಟುಗಳನ್ನು ತೆಗೆಯಿರಿ. ನಡುವಿನ ದೊಡ್ಡ ನಟ್ಟನ್ನು ಬಿಚ್ಚಬೇಡಿ. ಸ್ಟ್ರಟ್ ಬಾರ್ ಕೂರಿಸಿ, ಎರಡೂ ಕಡೆ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ. ಆಮೇಲೆ ಟಾರ್ಕ್ ರೆಂಚಿನಿಂದ, ಕಾರಿನ ಕಂಪನಿ ಹೇಳಿದ ಅಳತೆಗೆ ಬಿಗಿಯಿರಿ. ಬಾನೆಟ್ ತಾಗುತ್ತದೆಯೇ ನೋಡಿ, ನಂತರ ಮುಚ್ಚಿ. ಕೊನೆಗೆ ವೀಲ್ ಅಲೈನ್‌ಮೆಂಟ್ ನೋಡಿಸಿ.’

ಹಾಸನದಿಂದ:

ಎಲ್ಲ ಸರಿ ಇದೆ. ‘ಬಿಚ್ಚಬೇಡಿ’ ಒಂದನ್ನು ಬದಲಾಯಿಸಿ. ಪೂರ್ತಿ ಬಿಚ್ಚುವುದಿಲ್ಲ, ಬರೀ ಸಡಿಲಿಸುತ್ತೇನೆ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ‘ಮುಟ್ಟಬೇಡಿ’ ಅನ್ನಿ.

ಧಾರವಾಡದಿಂದ:

‘ಮುಟ್ಟಲೇಬೇಡಿ’. ದಪ್ಪ ಅಕ್ಷರದಲ್ಲಿ.

ಪೀಣ್ಯದಿಂದ:

ಹಾಗೇ ತಿದ್ದಿ ಪ್ರೆಸ್ಸಿಗೆ ಕಳಿಸಿದೆ.